ಜಡೆಯಲ್ಲಿ ಬಂದ ಭತ್ತ

ಹೊಸ ಭತ್ತ ಅಟ್ಟ ಸೇರಿದ ಮೇಲೆ ಹೆಂಗಸರೆಲ್ಲ ಒಂದು ಮನೆಯಲ್ಲಿ ಕೂಡಿ ಅಕ್ಕಿಯ ರುಚಿ ನೋಡುವುದು ಸುರಿನಾಮ್ ಹೊಳೆಯ ಮೇಲ್ದಂಡೆಯ ಆ ಹಳ್ಳಿಯ ರೂಢಿ. ಆ ವರ್ಷದ ಸರದಿ ಅಕೂಬಾಳದು. ನಾಲ್ಕು ಹಳೆಯ ತಳಿಯ ಅಕ್ಕಿಯನ್ನು ನಾಲ್ಕು ಪಾತ್ರೆಯಲ್ಲಿ ಬೇಯಿಸಿ, ಮುಚ್ಚಳ ಮುಚ್ಚಿ ಸಾಲಾಗಿ ಇಟ್ಟಿದ್ದಳು. ಒಂದೊಂದು ತುತ್ತು ಬಾಯಿಗಿಟ್ಟು, ಇದು ಯಾವ ಅಜ್ಜಿಯ ಅಕ್ಕಿ ಎಂದು ಹೇಳಬೇಕು. ಅವರಲ್ಲಿ ಅಕ್ಕಿಗೆ ಬೇರೆ ಹೆಸರಿಲ್ಲ. ಗುಲಾಮರಾಗಿದ್ದ ಹಿಂದಿನವರು ಬಿಳಿಯರ ಕಬ್ಬಿನ ತೋಟದಿಂದ ತಪ್ಪಿಸಿಕೊಂಡು ಕಾಡು ಹೊಕ್ಕಾಗ ಯಾವ ಅಜ್ಜಿ ಆ ಬೀಜ ತಂದಳೋ ಅವಳ ಹೆಸರೇ ಅದರ ಹೆಸರು. ಹೆಸರು ಹೇಳಿ, ನೆಲಕ್ಕೆ ಒಂದಿಷ್ಟು ನೀರು ಚೆಲ್ಲಿ, ಆ ಅಜ್ಜಿಯನ್ನು ಕೂಗಿ ಕರೆದ ಮೇಲೆಯೇ ಊಟ.

ಮೂರನೆಯ ಪಾತ್ರೆಯದು ಅಕೂಬಾಳ ತಾಯಿಯ ವಂಶದ ಅಕ್ಕಿ, ಅಫೀಬಜ್ಜಿಯದು. ಮುಚ್ಚಳ ತೆಗೆದರೆ ಸಾಕು, ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಅದನ್ನು ಮೊದಲು ಬಾಯಿಗಿಟ್ಟವಳು ಅಕೂಬಾಳ ಸವತಿ ಜೆಟ್ಟಾ. ಕಣ್ಣು ಮುಚ್ಚಿ, ತಲೆ ತೂಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಇದು ನಮ್ಮ ಯಾಂಜೆ ಅಜ್ಜಿ ಅಕ್ಕಿ."

ಅಕೂಬಾ ಸೌಟು ಕೆಳಗಿಟ್ಟಳು. ಇದು ನಮ್ಮ ಅಫೀಬಜ್ಜಿಯದು, ನನ್ನ ಅಟ್ಟದಿಂದ ಇಳಿಸಿ ನಾನೇ ಕುಟ್ಟಿದ್ದು ಎಂದಳು. ಜೆಟ್ಟಾ ನಕ್ಕಳು.

"ಅಕ್ಕ ನನ್ ಹತ್ರ ಬೀಜ ಇಸ್ಕೊಂಡಿದ್ದು ಮರ್ತುಬಿಟ್ಟಿದ್ದಾಳೆ. ವಯಸ್ಸಾಯ್ತಲ್ಲ, ಪಾಪ."

ಹೆಂಗಸರು ಗೊಳ್ಳೆಂದು ನಕ್ಕರು. ಗಂಡನ ಚಿಕ್ಕಮ್ಮ ಅಯೋಟಜ್ಜಿ, ಆ ಊರಿಗೇ ಹಿರಿಯಳು, ಇನ್ನೊಂದು ತುತ್ತು ತಿಂದು ನೋಡಿ, ಎರಡು ವರ್ಷದಿಂದ ಜೆಟ್ಟಾ ಬಡಿಸುತ್ತಿರುವುದು ಇದೇ ರುಚಿ ಎಂದು ತೀರ್ಪು ಕೊಟ್ಟಳು. ಅಲ್ಲಿಗೆ ಮುಗಿಯಿತು. ಅದು ಗಂಡನ ಊರು. ಅಕೂಬಾಳ ಪರವಾಗಿ ಬಾಯಿ ಬಿಡಲು ಅಲ್ಲಿ ಅವಳ ತೌರಿನ ಒಂದು ನಾಯಿಯೂ ಇರಲಿಲ್ಲ. ಅವಳದೇ ಮನೆಯ ನೆಲಕ್ಕೆ, ಅವಳದೇ ಚೊಂಬಿನ ನೀರು ಚೆಲ್ಲಿ, ಅವಳ ಅಕ್ಕಿಯ ಮೇಲೆ ಎಲ್ಲರೂ ಯಾಂಜೆಯನ್ನು ಕರೆದರು. ಆ ಯಾಂಜೆ ಬದುಕಿಡೀ ಮರಗೆಣಸಿನ ರೊಟ್ಟಿ ತಟ್ಟಿದವಳು, ಒಂದು ಹಿಡಿ ಒಳ್ಳೆಯ ಭತ್ತದ ಮುಖ ಕಂಡವಳಲ್ಲ!

ಅಷ್ಟೇ ಆಗಿದ್ದರೆ ಅಕೂಬಾ ನುಂಗಿಕೊಳ್ಳುತ್ತಿದ್ದಳೇನೋ. ಕೈ ತೊಳೆದು ಏಳುವಾಗ ಅಯೋಟಜ್ಜಿ ಇನ್ನೊಂದು ಮಾತು ಹೇಳಿದಳು. ಮುಂದಿನ ಕೊಯ್ಲಿಗೆ, ಈಚೆಗೆ ತೀರಿಕೊಂಡ ತನ್ನ ಅಕ್ಕನ, ಅಂದರೆ ಇವರಿಬ್ಬರ ಅತ್ತೆಯ, ವರ್ಷದ ಸೂತಕ ಕಳೆಯುವ ದೊಡ್ಡ ಊಟ. ಅದಕ್ಕೆ ಇದೇ ಅಕ್ಕಿ ಆಗಬೇಕು, ಜೆಟ್ಟಾಳ ಗದ್ದೆಯದೇ ಆಗಬೇಕು. ಸೂತಕದೂಟದಲ್ಲಿ ಸತ್ತವರ ಮುಂದೆ ಒಮ್ಮೆ ಕರೆದ ಹೆಸರನ್ನು ಆಮೇಲೆ ಯಾರೂ ಬದಲಿಸುವ ಹಾಗಿಲ್ಲ. ಆ ಊಟದಲ್ಲಿ ಯಾಂಜೆಯ ಹೆಸರು ಬಿದ್ದರೆ ಅಫೀಬಾ ಎರಡನೆಯ ಸಲ ಸತ್ತಂತೆಯೇ.

ಗಂಡ ಬಯಾಕೋಗೆ ಹೇಳಿ ನೋಡಿದಳು. ಅವನು ದೋಣಿಯ ಮೋಟಾರು ಬಿಚ್ಚಿಕೊಂಡು ಕೂತಿದ್ದ. ಇಬ್ಬರಿಗೂ ಒಂದೇ ಸಮ ಕಾಡು ಕಡಿದು, ಸುಟ್ಟು, ಗದ್ದೆ ಮಾಡಿಕೊಟ್ಟಿದ್ದೇನೆ, ಅಕ್ಕಿ ಅಂದರೆ ಅಕ್ಕಿ, ಅಜ್ಜಿಯರ ಜಗಳ ನನಗೆ ತರಬೇಡಿ ಎಂದ. ಗಂಡಸರ ಬುದ್ಧಿಯೇ ಅಷ್ಟು, ಹೊಟ್ಟೆಯಿಂದ ಮೇಲೆ ಹತ್ತುವುದಿಲ್ಲ.

ಅಕೂಬಾಳ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ಕಳ್ಳತನದ ದಾರಿ ಕಲಿಸಿದವಳು ಅವಳೇ. ಜೆಟ್ಟಾ ಹೊಸದಾಗಿ ಬಂದಾಗ ತಂಗಿಯಂತೆ ಮುಂದೆ ಕೂರಿಸಿಕೊಂಡು ತಲೆ ಬಾಚುತ್ತ, ಅಫೀಬಜ್ಜಿ ತೋಟದಿಂದ ಓಡಿಬರುವಾಗ ಭತ್ತದ ಕಾಳುಗಳನ್ನು ಜಡೆಯೊಳಗೆ ಹೆಣೆದುಕೊಂಡು ಬಂದ ಕಥೆ ಹೇಳಿದ್ದಳು. ಆ ಮಳ್ಳಿ ಕಣ್ಣರಳಿಸಿ ಕೇಳಿದ್ದಳು. ಮರುವರ್ಷ ಕುಟ್ಟಲು, ಕೇರಲು ನೆರವಾಗುತ್ತೇನೆಂದು ಬಂದು, ಅದೇ ರೀತಿ ಜಡೆಯಲ್ಲೇ ಬೀಜ ಸಾಗಿಸಿದ್ದಳು. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಸವತಿಯ ಗದ್ದೆಯಲ್ಲಿ ತನ್ನ ತಳಿ ಕಂಡಾಗಲೂ ಅಕೂಬಾ ಸುಮ್ಮನಿದ್ದಳು. ಮಕ್ಕಳಿಗೆ ಒಂದು ತುತ್ತು ಒಳ್ಳೆಯ ಅನ್ನವಾಗಲಿ, ಹೋಗಲಿ ಎಂದುಕೊಂಡಿದ್ದಳು. ಆ ಒಳ್ಳೆಯತನ ನೆನೆದರೆ ಈಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಒಂದು ಬೆಳಿಗ್ಗೆ ಹೊಳೆಗೆ ಹೋಗುವಾಗ ಜೆಟ್ಟಾಳ ಅಟ್ಟದ ಕೆಳಗೆ ಹೊಟ್ಟು ಬಿದ್ದಿದ್ದನ್ನು ಕಂಡಳು. ಕೈಗೆತ್ತಿಕೊಂಡು ನೋಡಿದರೆ ಇಲಿ ಕೊರೆದ ಬೀಜದ ಭತ್ತ. ಅಕೂಬಾಳ ಮುಖ ಹಾಲು ಕುಡಿದ ಬೆಕ್ಕಿನಂತಾಯಿತು. ಬೀಜ ಹೋಯಿತೆಂದು ಜೆಟ್ಟಾ ಯಾರ ಮುಂದೂ ಬಾಯಿ ಬಿಡಲಾರಳು. ಅಜ್ಜಿಯ ಕಾಲದಿಂದ ಬಂದ ಬೀಜ ಎಂದು ಕೊಚ್ಚಿಕೊಂಡವಳು ಯಾವ ಬಾಯಲ್ಲಿ ಕೇಳಿಯಾಳು? ಕದಿಯಲೇಬೇಕು, ಮತ್ತು ಕದಿಯಲು ಅಕೂಬಾಳ ಮನೆಗೇ ಬರಬೇಕು.

ಭತ್ತದ ನಡುವೆ ಕಾಡುಭತ್ತವೊಂದು ಹುಟ್ಟುತ್ತದೆ. ಗಿಡ ಅದೇ, ಕಾಳು ಅದೇ, ಹಣ್ಣಾಗುವವರೆಗೂ ಗುಟ್ಟು ಬಿಡುವುದಿಲ್ಲ. ಹಣ್ಣಾದ ಮೇಲೆ ಮುಟ್ಟಿದರೆ ಸಾಕು, ಉದುರಿಹೋಗುತ್ತದೆ. ಅದಕ್ಕೇ ಬೀಜಕ್ಕೆಂದು ಆರಿಸುವಾಗ ಪ್ರತಿ ತೆನೆಯನ್ನೂ ಮುಷ್ಟಿಯಲ್ಲಿ ಹಿಡಿದು ಅಲುಗಿಸಿ ನೋಡುತ್ತಾರೆ. ಬಿಡಿ ಕಾಳನ್ನು ಬೀಜವೆಂದು ನಂಬುವ ಹೆಂಗಸು ಆ ಹೊಳೆಯ ಎರಡೂ ದಂಡೆಯಲ್ಲಿಲ್ಲ. ಆದರೆ ತೆನೆಯನ್ನು ಜಡೆಯಲ್ಲಿ ಬಚ್ಚಿಡಲಾಗುವುದಿಲ್ಲವಲ್ಲ. ಕಳ್ಳಿಗೆ ಬಿಡಿ ಕಾಳೇ ಗತಿ.

ಕೊಯ್ಲಿನಲ್ಲಿ ಆರಿಸಿ ಕೋಳಿಗೆಂದು ತೆಗೆದಿಟ್ಟಿದ್ದ ಕಾಡುಭತ್ತವನ್ನೆಲ್ಲ ಅಕೂಬಾ ಒಂದು ಸೋರೆಬುರುಡೆಗೆ ತುಂಬಿದಳು. ಬಾಗಿಲ ಬಳಿಯೇ ಇಟ್ಟಳು. ನಿಜವಾದ ಬೀಜದ ಕಂತೆಗಳನ್ನು ಹಾಸಿಗೆಯ ಕೆಳಗೆ ತಳ್ಳಿದಳು. ಹೊಳೆಯಲ್ಲಿ ಪಾತ್ರೆ ತಿಕ್ಕುತ್ತ, ಅಫೀಬಜ್ಜಿಯ ಬೀಜವನ್ನು ಈ ಸಲ ಬಡಿದು ಬುರುಡೆಗೆ ಹಾಕಿದ್ದೇನೆ, ಇಲಿಯ ಕಾಟ ನೋಡಿ ಎಂದು ಪಕ್ಕದವಳಿಗೆ ಹೇಳಿದಳು. ಅತ್ತ ಜೆಟ್ಟಾ ತಲೆಯೆತ್ತದೆ ಬಟ್ಟೆ ಒಗೆಯುತ್ತಿದ್ದಳು.

ಮರುದಿನವೇ ಬಂದಳು. ಅಕ್ಕನಿಗೆ ಸೊಂಟನೋವಂತೆ, ಕುಟ್ಟಿಕೊಡುತ್ತೇನೆ ಎಂದಳು. ದಿನವೂ ಬಂದಳು. ಬರುವಾಗ ಸಡಿಲವಾಗಿದ್ದ ಜಡೆಗಳು ಹೋಗುವಾಗ ದಪ್ಪವಾಗಿರುತ್ತಿದ್ದವು, ಮೇಲೊಂದು ವಸ್ತ್ರ ಬಿಗಿದಿರುತ್ತಿದ್ದಳು. ಅಕೂಬಾ ಬೇಕೆಂದೇ ಹಿತ್ತಲಿಗೆ ಹೋಗಿ ಬೆಂಡೆಕಾಯಿ ಕೊಯ್ಯುತ್ತ ನಿಲ್ಲುತ್ತಿದ್ದಳು. ತಗೋ ಮಗಳೇ, ಹೊಟ್ಟೆ ತುಂಬ ತಗೋ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು.

ಜೆಟ್ಟಾ ಅದನ್ನು ತನ್ನ ಗದ್ದೆಯ ಕರಿಮಣ್ಣಿನ ಭಾಗಕ್ಕೆ ಬಿತ್ತಿದಳು. ಭತ್ತ ಎದೆಯುದ್ದ ಬೆಳೆಯಿತು. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, ನೋಡಿ ನಮ್ಮ ಯಾಂಜೆ ಅಜ್ಜಿಯ ಕೈಗುಣ ಎನ್ನುತ್ತಿದ್ದಳು. ಅಕೂಬಾ ಕೇಳಿಸಿಕೊಂಡು ಹಲ್ಲು ಕಚ್ಚಿ ಕಳೆ ಕೀಳುತ್ತಿದ್ದಳು. ಅಷ್ಟು ತಿಂಗಳು ಒಂದು ಮಾತು ಹೊರಗೆ ಬಾರದಂತೆ ಬಾಯಿ ಕಟ್ಟಿಕೊಂಡದ್ದು ಅವಳ ಬದುಕಿನಲ್ಲೇ ದೊಡ್ಡ ಕೆಲಸ.

ಸೂತಕದೂಟದ ಭತ್ತವೆಂದರೆ ಊರ ಹೆಂಗಸರೆಲ್ಲ ಸೇರಿಯೇ ಕೊಯ್ಯಬೇಕು. ಅಯೋಟಜ್ಜಿಯನ್ನೂ ದೋಣಿಯಲ್ಲಿ ಕರೆತಂದು ಗದ್ದೆಯ ಅಂಚಿನಲ್ಲಿ ಮಣೆ ಹಾಕಿ ಕೂರಿಸಿದರು. ಜೆಟ್ಟಾ ಹೊಸ ವಸ್ತ್ರ ಸುತ್ತಿಕೊಂಡು, ಪುಟ್ಟ ಕತ್ತಿ ಹಿಡಿದು ಮೊದಲ ತೆನೆಗೆ ಕೈ ಹಾಕಿದಳು. ಕಾಳೆಲ್ಲ ಜಲಜಲನೆ ಉದುರಿ ನೆಲಕ್ಕೆ ಬಿತ್ತು. ಕೈಯಲ್ಲಿ ಉಳಿದದ್ದು ಬೋಳು ಕಡ್ಡಿ. ಇನ್ನೊಂದು ಹಿಡಿದಳು, ಅದೂ ಅಷ್ಟೇ. ಹೆಂಗಸರು ಒಳಗೆ ಕಾಲಿಟ್ಟಲ್ಲೆಲ್ಲ ಭತ್ತ ಸುರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಬ್ಬಳು ಕಾಳು ಹೆಕ್ಕಿ ಅಂಗೈಯಲ್ಲಿ ತಿಕ್ಕಿದಳು. ಒಳಗೆ ಕೆಂಪು.

"ಕಾಡುಭತ್ತ," ಎಂದಳು ಅಯೋಟಜ್ಜಿ. "ನಿನ್ನ ಯಾಂಜೆ ಇದನ್ನೇ ತಂದಿದ್ದಾ?"

ಈ ಸಲ ಹೆಂಗಸರು ನಕ್ಕದ್ದು ಹೊಳೆಯಾಚೆಗೂ ಕೇಳಿಸಿತು. ಆ ನಗು ಅಕೂಬಾಳ ಹೊಟ್ಟೆಗೆ ಹಾಲೆರೆದಂತಾಯಿತು. ಜೆಟ್ಟಾ ತಿರುಗಿ ಅವಳ ಮುಖ ನೋಡಿದಳು. ನೋಡಿದ ಕೂಡಲೇ ಎಲ್ಲ ತಿಳಿಯಿತು.

"ಬುರುಡೆಗೆ ಬೇಕಂತ್ಲೇ ಇದನ್ನ ಹಾಕಿಟ್ಟಿದ್ದೆ ನೀನು," ಎಂದಳು.

ಹೇಳಿ ನಾಲಿಗೆ ಕಚ್ಚಿಕೊಂಡಳು. ನಗು ನಿಂತುಹೋಯಿತು. ಯಾರ ಬುರುಡೆ ಎಂದು ಅಯೋಟಜ್ಜಿ ಕೇಳಬೇಕಾಗಿಯೇ ಬರಲಿಲ್ಲ. ಇನ್ನು ಮುಚ್ಚಿಡುವುದೇನಿದೆ ಎಂದು ಜೆಟ್ಟಾ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಹೌದು, ಜಡೇಲಿ ಹೊತ್ಕೊಂಡು ಹೋದೆ. ನಿಮ್ಮಜ್ಜಿ ಕದ್ರೆ ಅದು ಕಥೆ, ನಾನು ಕದ್ರೆ ಕಳ್ಳತನಾನಾ?"

ಅಕೂಬಾ ಕತ್ತಿ ಕೆಳಗಿಟ್ಟು ಅವಳೆದುರಿಗೆ ಬಂದಳು. ಮಾತಿನಲ್ಲಿ ಸತ್ಯವಿತ್ತು, ಹಾಳಾದವಳ ಬಾಯಿಗೆ ಅದು ಎಲ್ಲಿಂದ ಬಂತೋ.

"ಅವಳು ಕದ್ದಿದ್ದು ತನ್ನನ್ನೇ ದನದ ಹಾಗೆ ಕೊಂಡ್ಕೊಂಡವನ ಮನೇಲಿ, ಜೆಟ್ಟಾ. ನೀನು ಕದ್ದಿದ್ದು ನಿನ್ನ ತಲೆ ಬಾಚಿದವಳ ಮನೇಲಿ. ಬೀಜ ಕದ್ದಾಗ ನಾನು ಸುಮ್ನಿದ್ದೆ. ಹೆಸರು ಕದ್ದೆಯಲ್ಲ, ಅದಕ್ಕೆ ಇದು."

ಊಟಕ್ಕೆ ಅಕೂಬಾಳ ಗದ್ದೆಯ ಅಕ್ಕಿಯೇ ಆಯಿತು. ಬಡಿಸುವ ಮೊದಲು ಅವಳು ಒಂದೇ ಮಾತು ಕೇಳಿದಳು, ನೀರು ಚೆಲ್ಲಿ ಹೆಸರು ಕರೆಯುವವಳು ಜೆಟ್ಟಾ ಆಗಬೇಕು ಎಂದು. ಅಯೋಟಜ್ಜಿ ಹೂಂ ಎಂದಳು. ಊರೆಲ್ಲ ನೋಡುತ್ತಿರಲು ಜೆಟ್ಟಾ ಚೊಂಬು ಬಗ್ಗಿಸಿ ಅಫೀಬಾಳನ್ನು ಕರೆದಳು. ಕೇಳಿಸಲಿಲ್ಲ ಎಂದಳು ಅಕೂಬಾ. ಜೆಟ್ಟಾ ಗಂಟಲು ಸರಿಮಾಡಿಕೊಂಡು, ಗಂಡಸರ ಸಾಲಿಗೂ ಮುಟ್ಟುವಂತೆ ಮತ್ತೆ ಕರೆದಳು.

ಎಲೆಗಳನ್ನೆಲ್ಲ ಎತ್ತಿದ ಮೇಲೆ ಜೆಟ್ಟಾ ಒಬ್ಬಳೇ ಒರಳಿನ ಹಿಂದೆ ಕೂತಿದ್ದಳು. ಅಕೂಬಾ ಹಾಸಿಗೆಯ ಕೆಳಗಿನ ಹೊಸ ಬೀಜದ ಒಂದು ಕಂತೆ ತಂದಳು. ಅವಳ ಕಣ್ಣೆದುರೇ ಪ್ರತಿ ತೆನೆಯನ್ನೂ ಅಲುಗಿಸಿ ತೋರಿಸಿ, ಕಾಳನ್ನು ಮೊರಕ್ಕೆ ಬಡಿದಳು. ಮಣೆಯ ಮೇಲೆ ಕೂತು ಮೊಣಕಾಲು ಅಗಲಿಸಿ, ಬಾ ಎಂದಳು. ಜೆಟ್ಟಾಳಿಗೆ ನಂಬಿಕೆ ಬರಲಿಲ್ಲ. ಆದರೂ ಬಂದು ಎದುರಿಗೆ ಬೆನ್ನು ಹಾಕಿ ಕೂತಳು. ಅಕೂಬಾ ಅವಳ ಕೂದಲು ಬಿಚ್ಚಿ, ಬೈತಲೆ ತೆಗೆದು, ಕಾಳಿಟ್ಟು ಕಾಳಿಟ್ಟು ಹೆಣೆಯತೊಡಗಿದಳು. ಹೆಣೆದ ಪ್ರತಿ ಎಳೆಯನ್ನೂ ಮೈಯ ಬಲವೆಲ್ಲ ಹಾಕಿ ಎಳೆದಳು. ಜೆಟ್ಟಾಳ ಹುಬ್ಬು ಮೇಲೇರಿ ಕಣ್ಣಲ್ಲಿ ನೀರು ಬಂತು.

"ನೋವಾಗ್ತಿದೆಯಾ?"

"ಹೂಂ, ಅಕ್ಕ."

"ಆಗ್ಲಿ," ಎಂದು ಅಕೂಬಾ ಮುಂದಿನ ಜಡೆಯನ್ನು ಇನ್ನೂ ಬಿಗಿಯಾಗಿ ಎಳೆದಳು. "ಈಗ ಹೇಳು, ಯಾರ ಅಕ್ಕಿ ಇದು?"