ಕೋಡಿಯಮ್ಮನ ಗದ್ದದ ಹಚ್ಚೆ

ದೇವಿಯ ಗದ್ದದ ಮೇಲಿದ್ದ ಮೂರು ಕಪ್ಪು ಚುಕ್ಕೆಗಳನ್ನು ಕೀರ್ತನ ಅಳಿಸಿದಳು. ಮುಂದಿನ ಫ್ರೇಮಿಗೆ ಹೋದಳು. ಅಲ್ಲೂ ಇದ್ದವು. ಅವನ್ನೂ ಅಳಿಸಿ ಮುಂದಕ್ಕೆ ಹೋದರೆ ಮತ್ತೆ ಅವೇ ಮೂರು, ಅದೇ ಗದ್ದದ ನಡುವೆ, ಒಲೆಗುಂಡುಗಳ ಹಾಗೆ ಮೂರು ಮೂಲೆಗೆ ಕೂತಿದ್ದವು. ಅವಳು ಮೌಸಿನಿಂದ ಕೈ ತೆಗೆದಳು.

ಹಳೆಯ ಫಿಲ್ಮಿನ ಕೊಳೆ ತೆಗೆಯುವವರು ಮೊಟ್ಟಮೊದಲು ಕಲಿಯುವ ಪಾಠ ಒಂದಿದೆ. ಧೂಳು ಒಂದು ಫ್ರೇಮಿನಲ್ಲಿದ್ದರೆ ಮುಂದಿನದರಲ್ಲಿ ಇರುವುದಿಲ್ಲ. ಗೀರು ಬಿದ್ದಿದ್ದರೆ, ಮುಖ ಎತ್ತ ತಿರುಗಿದರೂ ಗೀರು ಮಾತ್ರ ಪರದೆಯ ಒಂದೇ ಕಡೆ ನಿಂತಿರುತ್ತದೆ. ಇವು ಹಾಗಲ್ಲ. ಮುಖ ನೀರಿನಿಂದ ಮೇಲೆದ್ದರೆ ಚುಕ್ಕೆಗಳೂ ಏಳುತ್ತಿದ್ದವು, ತುಸು ಎಡಕ್ಕೆ ವಾಲಿದರೆ ಅವೂ ವಾಲುತ್ತಿದ್ದವು. ಮುಖದ ಜೊತೆ ಓಡಾಡುವ ಕೊಳೆ ಎಲ್ಲಾದರೂ ಉಂಟೇ? ಅದು ಹಚ್ಚೆ. ಕೀರ್ತನಳ ಮುತ್ತಜ್ಜಿಯ ಗದ್ದದ ಮೇಲೂ ಇಂಥದ್ದೇ ಇತ್ತು.

ಆದರೆ ದೇವಿಯ ಪಾತ್ರ ಮಾಡಿದ್ದ ನಟಿ ವಸಂತಮಾಲಾ ಅವರ ಗದ್ದದ ಮೇಲೆ ಹಚ್ಚೆ ಇರಲಿಲ್ಲ. ನಾಲ್ಕು ತಿಂಗಳಿಂದ ಕೀರ್ತನ ಅವರ ಮುಖವನ್ನೇ ಒರೆಸುತ್ತಿದ್ದಳು. ಅದರಲ್ಲಿ ಯಾವ ಮಚ್ಚೆ ಎಲ್ಲಿದೆ ಎಂದು ಅವಳಿಗೆ ತನ್ನ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು.

‘ಕೋಡಿಯಮ್ಮ’ ಕಪ್ಪು ಬಿಳುಪಿನ ಚಿತ್ರ, ಬಂದು ಐವತ್ತು ವರ್ಷದ ಮೇಲಾಗಿತ್ತು. ಅದರ ಮೂಲ ಪ್ರತಿ ಯಾವತ್ತೋ ಕೊಳೆತುಹೋಗಿತ್ತು. ಉಳಿದಿದ್ದ ಒಂದೇ ಪ್ರಿಂಟನ್ನು ಹಿಡಿದುಕೊಂಡು ನಂದೀಶರ ಪುಟ್ಟ ಕಂಪನಿ, ದೊಡ್ಡಬಳ್ಳಾಪುರದಲ್ಲಿ ಮಗ್ಗದ ಶೆಡ್ಡಿನ ಮೇಲಿನ ಮಹಡಿಯಲ್ಲಿ ಕೂತು, ಜನ ಮನೆಯಲ್ಲೇ ನೋಡುವಂಥ ಹೊಸ ಡಿಸ್ಕ್ ತಯಾರಿಸುತ್ತಿತ್ತು. ಚಿತ್ರಕ್ಕಿಂತ ದೊಡ್ಡದು ಅದರ ಕಥೆ. ಕೆರೆ ಒಡೆಯುವ ಹೊತ್ತಿಗೆ ದೇವಿ ಕಣ್ಣು ಬಿಟ್ಟುಕೊಂಡೇ ನೀರೊಳಗಿಂದ ಏಳುವ ದೃಶ್ಯಕ್ಕಾಗಿ ವಸಂತಮಾಲಾ ಮೈ ಸುಡುವ ಜ್ವರದಲ್ಲೂ ಮಾಗಿಯ ಚಳಿಯಲ್ಲಿ ನಲ್ಲೂರಿನ ಕಡೆಯ ಕೆರೆಗೆ ಇಳಿದರಂತೆ. ಹೇಳಿದವರೆಲ್ಲ ಆ ಜ್ವರವನ್ನು ಒಂದೊಂದು ಡಿಗ್ರಿ ಏರಿಸುತ್ತ ಬಂದಿದ್ದರು. ಡಿಸ್ಕಿನ ಹೊದಿಕೆಯ ಮೇಲೂ ಅದೇ ಅಚ್ಚಾಗುವುದಿತ್ತು.

ದುರದೃಷ್ಟಕ್ಕೆ ಇಡೀ ಪ್ರಿಂಟಿನಲ್ಲಿ ಕೆಟ್ಟುಹೋಗಿದ್ದದ್ದು ಆ ದೃಶ್ಯವೇ. ದೇವಿಯ ಮುಖದ ಮೇಲೆಲ್ಲ ಕೆಂಪು, ಹಳದಿ ಕಲೆ. ಕಪ್ಪು ಬಿಳುಪಿನ ಚಿತ್ರದಲ್ಲಿ ಬಣ್ಣವಿದ್ದದ್ದು ಅಲ್ಲೊಂದೇ ಕಡೆ. ಕಲೆಯ ಅಡಿಯಲ್ಲಿ ಮುಖವೇ ಕರಗಿಹೋಗಿ, ಹಲವು ಫ್ರೇಮುಗಳಲ್ಲಿ ಗದ್ದವಷ್ಟೇ ಉಳಿದಿತ್ತು.

“ಸರ್, ಇದು ವಸಂತಮಾಲಾ ಅಲ್ಲ,” ಎಂದಳು ಕೀರ್ತನ.

ನಂದೀಶ್ ಅವಳ ಕುರ್ಚಿಯ ಹಿಂದೆ ನಿಂತು ನೋಡಿದರು. “ಮುಖಾನೇ ಇಲ್ವಲ್ಲಮ್ಮ ಅಲ್ಲಿ. ಅವರದ್ದು ಬೇರೆ ಕ್ಲೋಸಪ್ ಬೇಕಾದಷ್ಟಿದೆ. ಸಾಫ್ಟ್‌ವೇರಿಗೆ ಕೊಟ್ರೆ ಸಂಜೆಯೊಳಗೆ ಮುಖ ಕೂರಿಸಿಕೊಡುತ್ತೆ.”

“ಹಂಗೆ ಮಾಡಿದ್ರೆ ಈ ಹೆಂಗಸು ಎಲ್ಲೂ ಉಳಿಯಲ್ಲ ಸರ್. ನಾನು ಕೈಯಲ್ಲೇ ಮಾಡ್ತೀನಿ. ಒಂದು ಫ್ರೇಮಲ್ಲಿ ಗದ್ದ ಚೆನ್ನಾಗಿದೆ, ಒಂದ್ರಲ್ಲಿ ಎಡಗಣ್ಣಿದೆ, ಇನ್ನೊಂದ್ರಲ್ಲಿ ತುಟಿ. ಜೋಡಿಸ್ತಾ ಹೋದ್ರೆ ಅವಳ ಮುಖಾನೇ ಬರುತ್ತೆ. ಸ್ವಲ್ಪ ಟೈಮ್ ಕೊಡಿ.”

“ಯಾರವಳು?”

ಕೀರ್ತನ ಪರದೆಯ ಮೇಲಿನ ಮೂರು ಚುಕ್ಕೆಗಳನ್ನು ಬೆರಳಿಟ್ಟು ತೋರಿಸಿದಳು.

ನಂದೀಶ್ ಕೆಟ್ಟ ಮನುಷ್ಯರೇನಲ್ಲ, ಸಿಕ್ಕಿಹಾಕಿಕೊಂಡ ಮನುಷ್ಯರು. “ನೋಡು, ನಾಳೆ ಮಧ್ಯಾಹ್ನ ನಿರ್ಮಾಪಕರ ಮಕ್ಕಳು ಬರ್ತಿದಾರೆ. ನಿಮ್ಮಪ್ಪ ಹೇಳ್ಕೊಂಡು ಬಂದ ಕಥೆ ಸುಳ್ಳು ಅಂತ ಅವರಿಗೆ ಮೂರು ಚುಕ್ಕೆ ತೋರಿಸಿ ಹೇಳಕ್ಕಾಗುತ್ತಾ? ಆ ಹೆಂಗಸೇ ಬಂದು ಅವರ ಮುಂದೆ ಹೇಳ್ಲಿ, ನಿಂಗೆ ಬೇಕಾದಷ್ಟು ಟೈಮ್ ಕೊಡಿಸ್ತೀನಿ. ಇಲ್ಲಾಂದ್ರೆ ಸಾಫ್ಟ್‌ವೇರೇ ಗತಿ.”

ಕೀರ್ತನ ಹೆಲ್ಮೆಟ್ ತೆಗೆದುಕೊಂಡು ಕೆಳಗಿಳಿದಳು.

ಪ್ರಿಂಟ್ ಸಿಕ್ಕಿದ್ದು ಘಾಟಿ ರಸ್ತೆಯ ರಾಮಾಂಜಿನಪ್ಪನ ಅಟ್ಟದಲ್ಲಿ. ಟೂರಿಂಗ್ ಟಾಕೀಸಿನ ಟೆಂಟ್ ಇದ್ದ ಕಾಲದಲ್ಲಿ ಊರೂರು ಸುತ್ತಿ ಚಿತ್ರ ಓಡಿಸುತ್ತಿದ್ದ ಆಪರೇಟರು ಅವನು. ಈಗ ಜಗುಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೋಗಿಬರುವ ಬಸ್ಸುಗಳನ್ನು ನೋಡುವುದೇ ಕೆಲಸ. ಕೀರ್ತನ ಫೋನಿನಲ್ಲಿ ಕಲೆಯ ಚಿತ್ರ ತೋರಿಸಿ, ರೀಲಿಗೆ ಬೂಷ್ಟು ಹಿಡಿದದ್ದು ಹೇಗೆ ಎಂದು ಕೇಳಿದಳು.

“ಬೂಷ್ಟಲ್ಲ ಕಣಮ್ಮ, ಕುಂಕುಮ,” ಎಂದ ರಾಮಾಂಜಿನಪ್ಪ, ಅಷ್ಟೂ ಗೊತ್ತಾಗಲಿಲ್ಲವೇ ಎನ್ನುವ ಹಾಗೆ. “ಹೊಸ ಊರಲ್ಲಿ ಟೆಂಟ್ ಹಾಕಿದ ಮೇಲೆ ಮೊದಲ್ನೇ ಆಟಕ್ಕೆ ಮುಂಚೆ ಪೂಜೆ. ಮಿಷನ್ನಿಗೆ ಇಡ್ತಿದ್ದೊ, ಪರದೆಗೆ ಇಡ್ತಿದ್ದೊ. ಅಮ್ಮ ರೀಲೊಳಗೇ ಅವ್ಳೆ, ಅವಳಿಗೆ ಬುಟ್ಟು ಮಿಷನ್ನಿಗೆ ಇಟ್ರೆ ಏನ್ ಚೆಂದ? ಅದ್ಕೇ ರೀಲು ಬಿಚ್ಚಿ, ಅಮ್ಮ ಏಳೋ ಜಾಗ ಹುಡುಕಿ, ಬೆಂಕಿಕಡ್ಡಿ ತುದೀಲಿ ಹಣೆಗೆ ಇಟ್ಟೆ. ಒಂದೂರಿಗೆ ಒಂದು ಫ್ರೇಮಿನ ಮೊಕ. ಇಟ್ಟ ಮೊಕಕ್ಕೆ ಇನ್ನೊಂದು ಸಲ ಇಡ್ತಿರ್ಲಿಲ್ಲ.”

“ಕುಂಕುಮ ಯಾವುದ್ರಲ್ಲಿ ಕಲಸ್ತಿದ್ರಿ ತಾತ?”

“ಒಡೆದ ತೆಂಗಿನಕಾಯಿ ನೀರಲ್ಲಿ. ಜೊತೆಗೆ ಒಂದಿಷ್ಟು ಅರಿಶಿನ.”

ಕೀರ್ತನಳಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಬೂಷ್ಟು ಹಿಡಿದರೆ ಅಲ್ಲೊಂದು ಇಲ್ಲೊಂದು ಫ್ರೇಮನ್ನಾದರೂ ಬಿಟ್ಟಿರುತ್ತದೆ. ಈ ಮನುಷ್ಯ ಭಕ್ತಿಯಿಂದ ಒಂದೊಂದಾಗಿ ಹುಡುಕಿ, ಮುಖದ ಮೇಲೇ ಕಾಯಿನೀರು ಬಿಟ್ಟಿದ್ದ. ಸುರುಳಿ ಸುತ್ತಿದ ಮೇಲೆ ಅದು ಹಣೆಯಿಂದ ಮೂಗಿಗೆ, ಮೂಗಿನಿಂದ ಕೆನ್ನೆಗೆ ಇಳಿದು, ಐವತ್ತು ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ತಿಂದಿತ್ತು.

“ತೊಳೆದ್ರೆ ಓಗಲ್ವಾ?”

“ತೊಳೆದ್ರೆ ಮುಖಾನೂ ಹೋಗುತ್ತೆ ತಾತ.”

ಹಚ್ಚೆಯ ಚಿತ್ರ ತೋರಿಸಿದಾಗ ಮುದುಕ ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ತಟ್ಟನೆ ಹಿಂದಕ್ಕೆ ಕೊಟ್ಟ. ಅವನಿಗೆ ಗುರುತು ಸಿಕ್ಕಿದ್ದು ಕೀರ್ತನಳಿಗೆ ಗೊತ್ತಾಯಿತು.

“ಯಾರು ತಾತ?”

“ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ. ಕುಂಕುಮ ಇಡಾಕೆ ಭೂತಗನ್ನಡೀಲಿ ನೋಡ್ತಿದ್ನಲ್ಲ, ಆ ಮೊಕ ನಂಗೆ ಬಾಯಿಪಾಠ. ಒಂದು ಊರಲ್ಲಿ ಟಿಕೀಟು ಕಿಂಡಿ ಮುಂದೆ ಅದೇ ಮೊಕ ಬಂದು ನಿಂತ್ಕಂತು. ನಾನು ಬಾಯಿ ಬಿಡೋದ್ರೊಳಗೆ ಆಯಮ್ಮ ತುಟಿ ಮೇಲೆ ಬೆಟ್ಟಿಟ್ಟು ಸುಮ್ಕಿರು ಅಂದ್ಲು. ಗಂಡ ಹಿಂದೇನೇ ನಿಂತಿದ್ದ.”

“ನಾಳೆ ಮಧ್ಯಾಹ್ನದ ಮೇಲೆ ಆ ಮುಖದ ಮೇಲೆ ವಸಂತಮಾಲಾ ಮುಖ ಕೂರಿಸ್ತಾರೆ ತಾತ. ಆಮೇಲೆ ಯಾರು ಬಂದು ಹೇಳಿದ್ರೂ ಯಾರೂ ನಂಬಲ್ಲ.”

ರಾಮಾಂಜಿನಪ್ಪ ಬೆಂಕಿಕಡ್ಡಿ ಹಿಡಿಯುತ್ತಿದ್ದ ತನ್ನ ಬಲಗೈ ಬೆರಳುಗಳನ್ನು ಒಂದಕ್ಕೊಂದು ತಿಕ್ಕಿದ. “ಕೆಡಿಸಿದ್ದು ನಾನು. ಅದರ ಮ್ಯಾಲೆ ಇನ್ನೊಬ್ಬಳ ಮೊಕವಾ?” ಎಂದು ತನಗೇ ಹೇಳಿಕೊಂಡ. ಆಮೇಲೆ ದಾರಿ ಹೇಳಿದ. ನಲ್ಲೂರು, ಹುಣಸೆ ತೋಪಿನ ಆಚೆ, ಕೆಂಪರಾಜು ಮನೆ, ಅವರ ತಾಯಿ ಮುನಿವೆಂಕಟಮ್ಮ. “ನೀನು ಕೇಳು. ಆಯಮ್ಮ ಇಲ್ಲ ಅಂದ್ರೆ ಬಲವಂತ ಮಾಡ್ಬೇಡ ಮಗ, ವಾಪಸ್ ಬಂದ್ಬುಡು.”

ಮರುದಿನ ಬೆಳಿಗ್ಗೆ ಕೀರ್ತನ ಅಲ್ಲಿಗೆ ಹೋದಾಗ ಮುನಿವೆಂಕಟಮ್ಮ ಅಂಗಳದಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು, ಕೈ ಇನ್ನೂ ಗಟ್ಟಿ. ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಬೀಳುತ್ತಿತ್ತು. ಮಗ ಕೆಂಪರಾಜು ಟಾಟಾ ಏಸ್ ಗಾಡಿಗೆ ಮೂಟೆ ಹೇರುತ್ತಿದ್ದ. ಸುಕ್ಕಿನ ನಡುವೆ ಕೊಂಚ ಹಿಗ್ಗಿ, ಹಸಿರು ಮಾಸಿದ ಮೂರು ಚುಕ್ಕೆಗಳನ್ನು ಕೀರ್ತನ ಗೇಟಿನಿಂದಲೇ ಕಂಡಳು.

ಪಕ್ಕದಲ್ಲಿ ಕೂತು ಫೋನ್ ಮುಂದೆ ಹಿಡಿದಳು. ಕೆರೆ ತುಂಬ ನೀರು, ಅದರೊಳಗಿಂದ ಏಳುವ ತಲೆ, ಮುಖವಿರಬೇಕಾದ ಕಡೆ ಕೆಂಪು. ಮುನಿವೆಂಕಟಮ್ಮ ನೋಡಿದಳು, ಮತ್ತೆ ಕುಟ್ಟಲು ಶುರುಮಾಡಿದಳು.

“ಯಾರೋ ಏನೋ, ನಂಗೇನ್ ಗೊತ್ತು.”

ಕೀರ್ತನ ಸುತ್ತಿ ಬಳಸಲಿಲ್ಲ. ಕುಂಕುಮದ ಕಥೆ ಹೇಳಿದಳು. ಇವತ್ತು ಮಧ್ಯಾಹ್ನ ಬರುವವರ ವಿಷಯ ಹೇಳಿದಳು. “ನೀವಲ್ಲ ಅಂದ್ರೆ ನಾನು ಎದ್ದು ಹೋಗ್ತೀನಿ ಅಜ್ಜಿ. ವಸಂತಮಾಲಾ ಜ್ವರದಲ್ಲಿ ನೀರಿಗಿಳಿದ್ರು ಅಂತ ಡಿಸ್ಕಿನ ಮೇಲ್ಗಡೆ ಬರೆದು, ಅವರ ಮುಖಾನೇ ಹಾಕ್ತಾರೆ. ಅಷ್ಟು ಹೇಳಕ್ಕೆ ಬಂದೆ.”

ಹುಣಸೆಹಣ್ಣಿನ ಮೇಲೆ ಏಟು ಬೀಳುತ್ತಲೇ ಇತ್ತು. ಒಂದು, ಇನ್ನೊಂದು. ಆಮೇಲೆ ನಿಂತಿತು.

“ಆಯಮ್ಮ ನೀರಿಗೇ ಇಳೀಲಿಲ್ಲ,” ಎಂದಳು ಮುನಿವೆಂಕಟಮ್ಮ. “ಜಿಗಣೆ ಅವೆ ಅಂತ ದಡದಲ್ಲಿ ಕುರ್ಚಿ ಹಾಕ್ಕಂಡು ಕುಂತಿದ್ಲು. ಜ್ವರ ಬಂದು ಮಲಗಿದ್ದು ನಾನು.”

ಒಮ್ಮೆ ಬಾಯಿ ಬಿಟ್ಟ ಮೇಲೆ ಅವಳು ನಿಲ್ಲಿಸಲಿಲ್ಲ. ಆಗಿನ್ನೂ ಮದುವೆಯಾಗಿರಲಿಲ್ಲ. ತವರೂರಿನ ಹೆಣ್ಣುಮಕ್ಕಳಲ್ಲಿ ಬಾವಿಗೆ ಹಾರಿ ಈಜುತ್ತಿದ್ದವಳು ಅವಳೊಬ್ಬಳೇ. ಸಿನಿಮಾದವರು ಅದನ್ನು ಕೇಳಿಕೊಂಡು ಮನೆಗೇ ಬಂದರು. ಗಂಡು ಗೊತ್ತಾಗಿತ್ತು, ಹೊರಗೆ ಗೊತ್ತಾದರೆ ಮದುವೆ ಮುರಿಯುತ್ತದೆ ಎಂದು ಅಪ್ಪ ಹೆದರಿದ. ಯಾರಿಗೂ ಹೇಳಬಾರದು ಎಂದು ಅವರಿಂದ ಆಣೆ ಹಾಕಿಸಿಕೊಂಡೇ ಒಪ್ಪಿದ. ಗದ್ದಕ್ಕೆ ಮೆತ್ತಿದ ಪೌಡರು ನೀರಲ್ಲಿ ತೊಳೆದುಹೋಯಿತು, ಆ ಗಡಿಬಿಡಿಯಲ್ಲಿ ಯಾರೂ ನೋಡಲಿಲ್ಲ.

ಕೆಂಪರಾಜು ಹೊತ್ತಿದ್ದ ಮೂಟೆ ಇಳಿಸಿ ಬಂದು ನಿಂತಿದ್ದ. ಅವನ ಮುಖ ಬಿಗಿದಿತ್ತು.

“ಏನಮ್ಮ ಇದು? ಈ ವಯಸ್ಸಲ್ಲಿ ಬೇಕಾ ನಿಂಗೆ?” ಎಂದ. ಕೀರ್ತನಳ ಕಡೆ ತಿರುಗಿ, “ನೋಡಿ ಮೇಡಂ, ತಪ್ಪು ತಿಳ್ಕಬೇಡಿ, ನೀವು ಹೊರಡಿ. ನಮ್ಮಪ್ಪ ಇದ್ದಿದ್ರೆ ಇದನ್ನ ಒಪ್ತಿರ್ಲಿಲ್ಲ. ಸಿನಿಮಾದಲ್ಲಿ ಮಾಡೋ ಹೆಂಗಸ್ರು ಅಂದ್ರೆ ಉಗೀತಿದ್ದೋರು ಅವರು. ಅವರ ಹೆಸರಿಗೆ ಯಾಕೆ ಮಸಿ ಬಳೀತೀರ?” ಎಂದ.

ಮುನಿವೆಂಕಟಮ್ಮ ಮಗನನ್ನು ನೋಡಿದಳು. ಅವಳ ದನಿ ಏರಲಿಲ್ಲ.

“ಟೆಂಟು ಬಂದಾಗೆಲ್ಲ ನಿಮ್ಮಪ್ಪ ಈ ಸಿನಿಮಾಕ್ಕೆ ಕರ್ಕಂಡು ಹೋಗೋರು. ಗಂಡಸ್ರು ಆ ಕಡೆ, ಹೆಂಗಸ್ರು ಈ ಕಡೆ ಮರಳ ಮ್ಯಾಲೆ. ಅಮ್ಮ ನೀರಿಂದ ಎದ್ದೇಟಿಗೆ ನಿಮ್ಮಪ್ಪ ಚಪ್ಪಲಿ ಬುಟ್ಟು, ಎದ್ದು ನಿಂತ್ಕಂಡು, ಎರಡೂ ಕೈ ಎತ್ತಿ ಮುಗಿಯೋರು. ನಾನು ಈ ಕಡೆಯಿಂದ ನೋಡ್ತಾ ಕುಂತಿರ್ತಿದ್ದೆ. ಮನೇಲಿ ‘ಏ ಇವಳೇ’ ಅಂತ ಬುಟ್ರೆ ನನ್ನ ಹೆಸರು ಹಿಡಿದು ಕರೆದೋರಲ್ಲ. ಅಲ್ಲಿ ಕಣ್ಣಾಗೆ ನೀರು ತುಂಬ್ಕಂಡು ಕೈ ಮುಗಿಯೋರು.”

“ಅವರಿಗೆ ಗುರ್ತೇ ಸಿಗ್ಲಿಲ್ವಾ?” ಎಂದಳು ಕೀರ್ತನ.

“ನನ್ನ ಮೊಕ ಯಾವತ್ತು ನೆಟ್ಟಗೆ ನೋಡಿದ್ರು, ಗುರ್ತು ಸಿಕ್ಕಾಕೆ?”

ಕೆಂಪರಾಜು ಎತ್ತಲೋ ನೋಡಿದ. ದನಿ ತಗ್ಗಿಸಿ ಕೇಳಿದ: “ಒಂದ್ ದಿನಾನೂ ಹೇಳ್ಬೇಕು ಅನ್ನಿಸ್ಲಿಲ್ವಾ ಅಮ್ಮ ನಿಂಗೆ?”

“ಹೇಳಿದ್ರೆ ಕೈ ಮುಗಿಯೋದು ನಿಲ್ಲಿಸ್ಬುಡ್ತಿದ್ರು.”

ಹೊತ್ತಾಗುತ್ತಿರುವುದು ನೆನಪಾಗಿ ಕೀರ್ತನ, “ಒಂದು ಫೋಟೋ ತಕ್ಕೊಂಡು ಹೋಗ್ಲಾ ಅಜ್ಜಿ? ಇಲ್ಲೇ ಎರಡು ಮಾತು ಹೇಳಿ, ರೆಕಾರ್ಡ್ ಮಾಡ್ಕೋತೀನಿ. ನೀವು ಅಷ್ಟು ದೂರ ಬರೋದು ಬೇಡ,” ಎಂದಳು.

“ಫೋಟೋ ಏನಂತ ಮಾತಾಡ್ತದೆ,” ಎಂದು ಮುನಿವೆಂಕಟಮ್ಮ ನೆಲಕ್ಕೆ ಕೈಯೂರಿ ಎದ್ದಳು. “ಇಷ್ಟು ದಿನ ಅವರಿಗೋಸ್ಕರ ಸುಮ್ಕಿದ್ದೆ. ಅವರು ಹೋದ್ರು. ಇನ್ನು ಯಾರಿಗೋಸ್ಕರ ಸುಮ್ಕಿರ್ಲಿ? ನಾನೇ ಬತ್ತೀನಿ. ಆ ಸಿನಿಮಾದೋರ ಎದುರಿಗೆ ನಿಂತ್ಕಂಡು ಹೇಳ್ತೀನಿ. ನಂಬದೆ ಇದ್ರೆ, ಕೆರೆ ತೋರ್ಸಾಕೆ ಹೇಳು, ಈಗಲೂ ಇಳೀತೀನಿ.”

ತೊಟ್ಟಿಯ ಹತ್ತಿರ ಹೋಗಿ, ಅಂಟಿದ ಹುಣಸೆ ಹೋಗುವವರೆಗೂ ಕೈ ಉಜ್ಜಿ ತೊಳೆದಳು. ಸೀರೆ ಬದಲಾಯಿಸಲು ಒಳಗೆ ಹೋದಳು. ಮಗ ಏನೆನ್ನುತ್ತಾನೆ ಎಂದು ತಿರುಗಿ ನೋಡಲಿಲ್ಲ.

ಕೀರ್ತನ ಸ್ಕೂಟರಿನ ಕೀಲಿ ಹಿಡಿದುಕೊಂಡು ಗೇಟಿನ ಬಳಿ ನಿಂತಳು. ಕೆಂಪರಾಜು ಅವಳ ಕಡೆ ನೋಡದೆ ಗಾಡಿಯ ಹತ್ತಿರ ಹೋದ. ಹೇರಿದ್ದ ಮೂಟೆಗಳನ್ನು ಒಂದೊಂದಾಗಿ ಇಳಿಸಿ ಗೋಡೆಗೆ ಒರಗಿಸಿದ. ಮುಂದಿನ ಸೀಟಿನ ಮೇಲಿದ್ದ ಹಗ್ಗ, ಖಾಲಿ ಚೀಲ, ತಕ್ಕಡಿ ಎಲ್ಲವನ್ನೂ ಎತ್ತಿ ಹಿಂದಕ್ಕೆ ಹಾಕಿದ. ಹೆಗಲ ಮೇಲಿನ ಟವೆಲ್ ತೆಗೆದು ಸೀಟಿನ ಧೂಳು ಹೊಡೆದ. ಕೈಯಿಂದ ಸವರಿ ನೋಡಿ, ಮತ್ತೊಮ್ಮೆ ಹೊಡೆದ. ಆಮೇಲೆ ಬಾಗಿಲು ತೆಗೆದು ಹಿಡಿದುಕೊಂಡು, ತಾಯಿ ಹೊರಗೆ ಬರುವವರೆಗೂ ಬಿಸಿಲಲ್ಲಿ ನಿಂತಿದ್ದ.