ಟೋವೆಯ ಪಿಸುಮಾತು

"ಮೆಲ್ಲಗೆ ಟೋವೆ, ಮೆಟ್ಟಿಲಿದೆ," ಎಂದ, ಶವಪೆಟ್ಟಿಗೆಯ ಆಚೆ ಬದಿಯ ಹಿಡಿಕೆ ಹಿಡಿದಿದ್ದ ಎಗೋನ್. ಕಡಲ ದಡದ ಸ್ಕಾಗೆನ್ ಊರಿನ ಚರ್ಚಿನಿಂದ ಆರು ಜನ ವೆರ್ನರನನ್ನು ಹೊತ್ತು ತರುತ್ತಿದ್ದರು. ತಲೆಯ ಕಡೆಗೆ ಹೆಂಡತಿ ಟೋವೆ ಹೆಗಲು ಬಾಗಿಸಿ ನಡೆಯುತ್ತಿದ್ದಳು.

"ಮಣ್ಣು ಮಾಡಿ ಬಂದ್ಮೇಲೆ ಕಾಫಿ ಹೊತ್ನಲ್ಲಿ ನಾನೂ ಎರಡು ಮಾತಾಡ್ತೀನಿ," ಎಂದ, ವೆರ್ನರನ ಜೊತೆ ಸಿನಿಮಾದಲ್ಲಿ ದುಡಿದಿದ್ದ ಎಗೋನ್. "ಆ ಕೊನೇ ಸಿನಿಮಾ ವಿಷಯ ಇವತ್ತಾದ್ರೂ ಹೇಳ್ಲೇಬೇಕು."

ಟೋವೆ ತಲೆಯೆತ್ತಿ ಅವನತ್ತ ನೋಡಿದಳು. ಅಯ್ಯೋ, ಇವನಿಗೆ ಗೊತ್ತಾಗಿಬಿಟ್ಟಿದೆಯೇ? ಜೀವಮಾನವಿಡೀ ಕ್ಯಾಮೆರಾ ಹಿಡಿದ ವೆರ್ನರನಿಗೆ ಡೆನ್ಮಾರ್ಕಿನ ದೊಡ್ಡ ಪ್ರಶಸ್ತಿ ಬಂದದ್ದು ಆ ಚಿತ್ರಕ್ಕೇ. ಮಣ್ಣು ಮಾಡುವ ದಿನವೇ ಅವನ ಹೆಸರೂ ಮಣ್ಣುಪಾಲಾಗಬೇಕೇ?

* * *

ಆ ಚಿತ್ರದ ಹೊತ್ತಿಗೆ ವೆರ್ನರನ ಕಣ್ಣು ಪೂರಾ ಮಂಜಾಗಿತ್ತು. ಮಹಾ ಹಟಮಾರಿ, ಟೋವೆಯ ಹೊರತು ಯಾರಿಗೂ ಹೇಳಲಿಲ್ಲ.

"ಪಕ್ಕದಲ್ಲಿ ಬಂದು ಕೂತ್ಕೋ. ಕಂಡಿದ್ದನ್ನ ಕಿವೀಲಿ ಹೇಳು, ಸಾಕು," ಎಂದಿದ್ದ.

ಟೋವೆ ಬುತ್ತಿ ತರುವ ನೆಪದಲ್ಲಿ ದಿನವೂ ಶೂಟಿಂಗಿಗೆ ಹೋದಳು. ಕ್ಯಾಮೆರಾ ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಾ, "ನಟಿ ಕೆನ್ನೆ ಮೇಲೆ ನೆರಳಿದೆ", "ಕಿಟಕಿ ಬೆಳಕು ಜಾಸ್ತಿ" ಎಂದು ಉಸುರುತ್ತಿದ್ದಳು. ಕ್ಯಾಮೆರಾ ಓಡುವಾಗಲೂ ಸುಮ್ಮನಿರುತ್ತಿರಲಿಲ್ಲ. ವೆರ್ನರ್ ಗತ್ತಿನಿಂದ ದೀಪ ಸರಿಸಲು ಹೇಳುತ್ತಿದ್ದ. ಯಾರಿಗೂ ಸುಳಿವಿಲ್ಲ ಎಂದುಕೊಂಡು ಗಂಡ ಹೆಂಡತಿ ಬೀಗಿದ್ದೇ ಬೀಗಿದ್ದು.

* * *

ಮಣ್ಣು ಮಾಡಿ ಬಂದು ಎಲ್ಲರೂ ಬಂದರಿನ ಹೋಟೆಲಿನಲ್ಲಿ ಕಾಫಿಗೆ ಕೂತರು. ಎಗೋನ್ ಚಮಚದಿಂದ ಲೋಟ ಬಡಿದು ಎದ್ದ. ಟೋವೆ ಕೈಯಲ್ಲಿದ್ದ ಕೇಕನ್ನು ತಟ್ಟೆಗಿಟ್ಟಳು.

"ಟೋವೆ, ಆ ಸಿನಿಮಾದಲ್ಲಿ ನನ್ನ ಕೆಲ್ಸ ಏನಿತ್ತು ಹೇಳು?"

"ಧ್ವನಿ... ಧ್ವನಿ ಹಿಡಿಯೋದು."

"ಮತ್ತೆ? ನಟಿ ನಿನ್ನಿಂದ ಎರಡು ಮಾರು ದೂರದಲ್ಲಿ ನಿಂತಿದ್ಲು. ಅವಳ ತಲೆ ಮೇಲಿನ ಮೈಕು ನಿನ್ನನ್ನ ಬಿಡುತ್ತಾ? ನೀನು ಉಸುರಿದ್ದೆಲ್ಲಾ ನನ್ನ ಕಿವಿಗೇ ಬೀಳ್ತಿತ್ತು ಕಣೇ ಮಹರಾಯ್ತಿ!"

ಹೋಟೆಲೆಲ್ಲಾ ಗೊಳ್ಳೆಂದಿತು. ಟೋವೆ ಪೆಚ್ಚಾದಳು. "ಎಲ್ರಿಗೂ ಗೊತ್ತಿತ್ತಾ?"

"ಮೊದಲ್ನೇ ದಿನವೇ," ಎಂದಳು ಆ ಚಿತ್ರದ ನಿರ್ದೇಶಕಿ ಲಿಸ್ಬೆತ್. "ನೀನು ಕಂಡಿದ್ದನ್ನ ಹೇಳ್ತಿದ್ದೆ, ಅಷ್ಟೇ. ಏನು ಮಾಡ್ಬೇಕು ಅಂತ ಗೊತ್ತಿದ್ದಿದ್ದು ಅವನೊಬ್ಬನಿಗೇ. ಆ ಬೆಳಕು ಅವನದೇ ಕಣೇ."

"ಚಳಿಗಾಲವಿಡೀ ಕೂತು ನಿನ್ನ ಪಿಸುಪಿಸು ಅಳಿಸ್ದೆ," ಎಂದ ಎಗೋನ್. "ಕೊನೇ ದೃಶ್ಯದಲ್ಲಿ ಒಂದನ್ನ ಮಾತ್ರ ಉಳಿಸಿದೀನಿ. ಅಲೆ ಸದ್ದಿನ ಹಿಂದೆ 'ಈಗ ಚೆನ್ನಾಗಿದೆ, ವೆರ್ನರ್' ಅಂತೀಯ. ಪ್ರಶಸ್ತಿ ಕೊಟ್ಟೋರೂ ಕೇಳಿದಾರೆ!"

ಟೋವೆ ನಕ್ಕಳು, ನಗುತ್ತಲೇ ಅತ್ತಳು. ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಹೋಗಿತ್ತು. ಮೂಗು ಒರೆಸಿಕೊಂಡು ಎದ್ದು ಕಿಟಕಿಯ ಬಳಿ ಹೋದಳು. ಮೋಡ ಸರಿಯುತ್ತಿತ್ತು.

"ವೆರ್ನರ್, ಬಿಸಿಲು ಬಂತು ಕಣೋ! ಕೆಂಪು ದೋಣಿ ಮೇಲೆ ಬಿದ್ದಿದೆ!" ಎಂದಳು, ಬೀದಿಗೂ ಕೇಳುವಷ್ಟು ಗಟ್ಟಿಯಾಗಿ.