ಮೇಯದ ಗುರುತು

"ಇನ್ನೂ ಸ್ವಲ್ಪ ಎಡಕ್ಕೆ... ಆಂ, ಸಾಕು! ಈಗ ಬಿಗಿಯಾಗಿ ಕಟ್ಟಿ," ಎಂದು ಬೇಕರಿಯವರು ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು ಕೂಗುತ್ತಿದ್ದರು. ದೋಣಿಯ ಮೂತಿಯಲ್ಲಿ ಮೊಣಕಾಲೂರಿ ಕೂತಿದ್ದ ಹಲ್ಲಿನ ಡಾಕ್ಟರು ಮರದ ಹಸುವೊಂದನ್ನು ಹಗ್ಗ ಸುತ್ತಿ ಬಿಗಿಯುತ್ತಿದ್ದರು. ಹಸುವಿಗೆ ಬಿಳಿ ಬಣ್ಣ ಬಳಿದಿತ್ತು. ಹೊಟ್ಟೆಯ ಮೇಲೆ ದಪ್ಪಕ್ಷರದಲ್ಲಿ 'ಹಸು ಕ್ಯಾಪ್ಟನ್' ಎಂದು ಬರೆದಿತ್ತು.

ಟೀಚರಮ್ಮ ಗಂಡನ ಬೂದಿಯ ಮಡಕೆಯನ್ನು ಎದೆಗೊತ್ತಿಕೊಂಡು ಬಂದಳು. ಹಿಂದೆ ಮಗಳು ಚೀಲ ಹಿಡಿದಿದ್ದಳು. ಬೆಳಗ್ಗೆಯಷ್ಟೇ ದಹನ ಮುಗಿದಿತ್ತು. ಬಟ್ಟೆ ಸುತ್ತಿದ್ದರೂ ಮಡಕೆ ಇನ್ನೂ ಬೆಚ್ಚಗಿತ್ತು.

"ಹೇಗಿದೆ ಟೀಚರಮ್ಮಾ?" ಬೇಕರಿಯವರು ಕೇಳಿದರು. ದೋಣಿ ಸಂಘಕ್ಕೆ ಅವರೇ ಅಧ್ಯಕ್ಷರು, ಬೇರೆ ಯಾರಾದರೂ ಆಗಿದ್ದು ಯಾರಿಗೂ ನೆನಪಿಲ್ಲ. "ಒಲೆಗೆ ಅಂತ ತಂದಿದ್ದ ಹಲಗೆ. ಸುಡೋ ಬದಲು ಕೆತ್ತಿದೆ. ಇವತ್ತು ದೋಣಿ ಮೇಲೆ, ನಾಳೆಯಿಂದ ಸಂಘದ ಬಾಗಿಲ ಮೇಲೆ. ನಾವಿರೋ ತನಕ ನಮ್ಮ ಹಸು ಕ್ಯಾಪ್ಟನ್ ಅಲ್ಲೇ ಇರ್ತಾನೆ."

"ಕಿವಿ ಮಾತ್ರ ಕತ್ತೇದಾಗಿಬಿಟ್ಟಿದೆ," ಎಂದರು ಡಾಕ್ಟರು. ದಕ್ಕೆಯ ಮೇಲಿದ್ದವರೆಲ್ಲ ನಕ್ಕರು. ಆಮೇಲೆ ಮಡಕೆ ಕಣ್ಣಿಗೆ ಬಿದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

'ಬಿಚ್ಚಿ ಅದನ್ನು' ಎಂಬ ಮಾತು ಟೀಚರಮ್ಮನ ಬಾಯಿಯವರೆಗೂ ಬಂತು. ಹೊರಗೆ ಬಂದದ್ದು "ಚೆನ್ನಾಗಿದೆ" ಎಂಬ ಮಾತು.

"ಕೊಲ್ಲೀಲಿ ಆ ಕತೆ ನೀವೇ ಹೇಳ್ಬೇಕು ಮತ್ತೆ. ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ. ಅಳ್ತಾ ಕಳಿಸೋದು ಬೇಡ ಅವನನ್ನ, ನಗ್ತಾ ಕಳಿಸೋಣ," ಎಂದರು ಬೇಕರಿಯವರು.

"ಹೇಳ್ತೀನಿ," ಎಂದಳು. ಹೇಳಲೇಬೇಕೆಂದು ಬೆಳಗ್ಗೆ ಚಿತಾಗಾರದ ಒಲೆಯ ಕಬ್ಬಿಣದ ಬಾಗಿಲು ಮುಚ್ಚಿದಾಗಲೇ ನಿರ್ಧರಿಸಿದ್ದಳು. ಆದರೆ ಅವರು ಕೇಳಬೇಕೆಂದಿದ್ದ ಕತೆಯನ್ನಲ್ಲ.

*

ಸತ್ತವನು ಬೀಗ ರಿಪೇರಿಯವನು. ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವನು ಬೀದಿಯಲ್ಲೇ ನಿಲ್ಲಬೇಕಾದಂಥ ಅಂಗಡಿ, ಗೋಡೆ ತುಂಬ ಕೀಲಿ. ಊರವರ ಮನೆಬಾಗಿಲೆಲ್ಲ ಅವನ ಕೈಯಲ್ಲಿ ತೆರೆಯುತ್ತಿತ್ತು, ಅವನ ಬಾಯಿ ಮಾತ್ರ ಅಷ್ಟು ಸುಲಭಕ್ಕೆ ತೆರೆಯುತ್ತಿರಲಿಲ್ಲ. ಗುಜರಿಗೆ ಬಿದ್ದಿದ್ದ ಹಾಯಿದೋಣಿಯೊಂದನ್ನು ತಂದು, ಹಲಗೆ ಬದಲಿಸಿ, ಬಿರುಕಿಗೆ ಅರಗು ತುಂಬಿ, ಅದನ್ನು ನೀರಿಗಿಳಿಸಿದ ದಿನ ಮಾತ್ರ ಬೀದಿಯವರಿಗೆಲ್ಲ ಕೇಳುವಂತೆ ಹಾಡಿದ್ದ.

ರಜೆ ಬಂತೆಂದರೆ ಗಂಡ ಹೆಂಡತಿ ಮಗು ಮೂವರೂ ದೋಣಿಯಲ್ಲೇ. ಒಂದು ನಡುಗಡ್ಡೆಯ ಹಿಂದೆ ನೀರು ಎಷ್ಟು ತಿಳಿಯಾಗಿರುತ್ತಿತ್ತೆಂದರೆ ಲಂಗರಿನ ಸರಪಳಿಯ ನೆರಳು ಕೆಳಗಿನ ಮರಳ ಮೇಲೆ ಕಾಣುತ್ತಿತ್ತು. ಮಗು ಅದನ್ನು ಹಾವೆಂದು ಹೆದರಿಸಲು ನೋಡುತ್ತಿತ್ತು, ಅವನು ಪ್ರತಿ ಸಲವೂ ಹೆದರುತ್ತಿದ್ದ. ಇನ್ನೊಂದು ಕಡೆ ಬಂಡೆಯ ಕಮಾನಿನ ಕೆಳಗೆ ಸಂಜೆಯ ಬಿಸಿಲು ನೀರಿಗೆ ಬಿದ್ದು ದೋಣಿಯ ಒಳಗೆಲ್ಲ ಕುಣಿಯುತ್ತಿತ್ತು. ಅವನಿಗೆ ಇಂಥ ಜಾಗಗಳೆಂದರೆ ಹುಚ್ಚು.

ಎಲ್ಲಕ್ಕಿಂತ ಚೆಂದದ ಜಾಗ ತೊರೆ ಕೊಲ್ಲಿ. ಸಂಘದವರೆಲ್ಲ ವರ್ಷಕ್ಕೊಮ್ಮೆ ಒಟ್ಟಾಗಿ ಹೋಗುವುದು ಅಲ್ಲಿಗೇ. ಗುಡ್ಡದಿಂದಿಳಿದ ತೊರೆ ಬಂಡೆಯ ಮೇಲಿಂದ ನೇರವಾಗಿ ಸಮುದ್ರಕ್ಕೆ ಬೀಳುತ್ತದೆ. ಅದರ ಪಕ್ಕ ಬಂಡೆಗಳ ಮರೆಯಲ್ಲಿ ನೀರು ತಟ್ಟೆಯಲ್ಲಿಟ್ಟಂತೆ ಅಲುಗದೆ ನಿಂತಿರುತ್ತದೆ. ಆದರೆ ಒಳಗೆ ಜಾಗ ಕಮ್ಮಿ, ದೋಣಿಗಳು ಒತ್ತೊತ್ತಾಗಿ ನಿಲ್ಲಬೇಕು. ಒಂದರ ಲಂಗರು ಜಾರಿದರೆ ಉಳಿದವಕ್ಕೂ ಪೆಟ್ಟು. ಅದಕ್ಕೇ ಯಾರು ಒಳಗೆ, ಯಾರು ಹೊರಗೆ ಕೊಲ್ಲಿಯ ಬಾಯಲ್ಲಿ ಎಂಬುದನ್ನು ಅಧ್ಯಕ್ಷರೇ ತೀರ್ಮಾನಿಸುತ್ತಿದ್ದರು. ಬಾಯಲ್ಲಿ ನಿಂತವರಿಗೆ ತೆರೆದ ಸಮುದ್ರದ ಅಲೆ. ಅಲ್ಲಿ ದೋಣಿ ತೊಟ್ಟಿಲಿನಂತೆ ಹೊರಳುತ್ತಲೇ ಇರುತ್ತದೆ, ಮಲಗಿದವರು ಮಾತ್ರ ಮಗುವಲ್ಲ.

ಬೀಗದವನು ಒಳಗೆ ನಿಂತದ್ದು ಒಂದೇ ಸಲ.

*

ಆ ಸಲ ಬೆಳಗಿನ ಜಾವ ಗಾಳಿ ಏರಿತ್ತು. ಎಲ್ಲ ದೋಣಿಗಳಲ್ಲೂ ಸರದಿಯ ಮೇಲೆ ಕಾವಲು. ಕಾವಲಿನ ಕೆಲಸ ಇಷ್ಟೇ: ದಡದಲ್ಲಿ ಕದಲದ ಎರಡು ವಸ್ತುಗಳನ್ನು ಒಂದರ ಹಿಂದೊಂದು ಬರುವಂತೆ ಗುರುತಿಟ್ಟುಕೊಳ್ಳುವುದು. ಅವು ಒಂದೇ ಸಾಲಲ್ಲಿದ್ದರೆ ದೋಣಿ ಇದ್ದಲ್ಲೇ ಇದೆ. ಸಾಲು ತಪ್ಪಿದರೆ ಲಂಗರು ಜಾರಿದೆ. ಅವನು ನಿದ್ದೆಹೋಗಿದ್ದ. ಕಾವಲಿಗೆ ಕೂತವಳು ಅವಳು. ಮಬ್ಬು ಬೆಳಕಿನಲ್ಲಿ ಗುಡ್ಡದ ಮೇಲಿನ ಕಂಬವನ್ನೂ ಅದರ ಕೆಳಗಿದ್ದ ಬಿಳಿ ಕಲ್ಲನ್ನೂ ಸಾಲು ಹಿಡಿದಿದ್ದಳು.

ಸ್ವಲ್ಪ ಹೊತ್ತಿಗೆ ಕಲ್ಲು ಕಂಬದಿಂದ ಆಚೆ ಸರಿಯಿತು.

"ರೀ, ಏಳಿ! ಲಂಗರು ಜಾರ್ತಿದೆ!"

ಅವನು ಎದ್ದವನೇ ಕಣ್ಣುಜ್ಜಿಕೊಳ್ಳುವಷ್ಟೂ ಪುರುಸೊತ್ತು ತೆಗೆದುಕೊಳ್ಳದೆ, ಲಂಗರು ಎತ್ತಿ ಮತ್ತೆ ಇಳಿಸಲೆಂದು ಸರಪಳಿ ಎಳೆದ. ಗಟ್ಟಿಯಾಗಿ ಕಚ್ಚಿ ಕೂತಿದ್ದ ಲಂಗರನ್ನು ಹೆಂಡತಿಯ ಮಾತಿಗೆ ಕಿತ್ತ. ಕಿತ್ತಮೇಲೆ ಗಾಳಿ ಬಿಟ್ಟೀತೇ? ದೋಣಿ ಹೋಗಿ ಡಾಕ್ಟರ ಹೊಸ ದೋಣಿಗೆ ಬಡಿಯಿತು. ಅದರ ಅಂಚು ಮುರಿಯಿತು, ಅದು ಪಕ್ಕದ್ದಕ್ಕೆ ಬಡಿಯಿತು, ಸರಪಳಿಗೆ ಸರಪಳಿ ಸುತ್ತಿಕೊಂಡು ಕೊಲ್ಲಿಯ ತುಂಬ ಬೈಗುಳವೆದ್ದಿತು. ಸೂರ್ಯ ಹುಟ್ಟಿದಾಗ ಬಿಳಿ ಕಲ್ಲು ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಕಾಲು ಮಡಚಿ ಕೂತು ಮೆಲುಕು ಹಾಕುತ್ತಿತ್ತು.

ಬೇಕರಿಯವರು ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಬಂದರು. "ಕಾವಲಿಗೆ ಯಾರಿದ್ದಿದ್ದು?"

ಅವಳು ಬಾಯಿ ತೆರೆಯುವ ಮೊದಲೇ ಅವನೆಂದ, "ನಾನೇ. ಹಸೂನ ಕಲ್ಲು ಅನ್ಕೊಂಬಿಟ್ಟೆ."

ಬೇಕರಿಯವರು ಗುಡ್ಡದ ಕಡೆ ನೋಡಿದರು, ಅವನ ಕಡೆ ನೋಡಿದರು, ಸಿಟ್ಟಿನಲ್ಲೂ ತಡೆಯಲಾರದೆ ನಕ್ಕುಬಿಟ್ಟರು. ಅಲ್ಲಿಂದಲೇ 'ಹಸು ಕ್ಯಾಪ್ಟನ್' ಎಂಬ ಹೆಸರು ಹುಟ್ಟಿತು.

ಅವರು ಆಚೆ ಹೋದಮೇಲೆ ಅವಳು ಕೇಳಿದಳು, "ಯಾಕ್ರೀ ಹಾಗಂದ್ರಿ?"

"ಮುಂದಿನ ತಿಂಗಳು ಸಂಘದವರಿಗೆ ನಿನ್ನ ದೋಣಿ ಕ್ಲಾಸು ಶುರು ಅಲ್ವಾ? 'ಶಾಲೇಲಿ ಭೂಗೋಳ ಹೇಳ್ಕೊಡೋಳು ನಮಗೇನು ಸಮುದ್ರ ಕಲಿಸ್ತಾಳೆ' ಅಂತ ಮೊದಲೇ ಗೊಣಗ್ತಿದಾರೆ. ಇದು ಗೊತ್ತಾದ್ರೆ ಮುಗೀತು. ನನ್ನದೇನು, ಬೀಗದವನು, ನಕ್ಕರೆ ನಗಲಿ. ನಿನ್ನ ಕ್ಲಾಸು ನೆಲೆ ನಿಲ್ಲಲಿ, ಆಮೇಲೆ ಹೇಳಿದ್ರಾಯ್ತು."

ಕ್ಲಾಸು ನೆಲೆ ನಿಂತಿತು. ಊರಿನಲ್ಲಿ ಚುಕ್ಕಾಣಿ ಹಿಡಿದವರೆಲ್ಲ ಅವಳ ಹತ್ತಿರವೇ ನಕ್ಷೆ ಓದಲು ಕಲಿತರು. ಆ 'ಆಮೇಲೆ' ಮಾತ್ರ ಬರಲಿಲ್ಲ. ಗಾದೆಯ ಕುಂಬಳಕಾಯಿ ಕಳ್ಳನಾದರೂ ಹೆಗಲು ಮುಟ್ಟಿ ನೋಡಿಕೊಂಡ. ಇವಳು ಅದನ್ನೂ ಮಾಡಲಿಲ್ಲ. ಮೊದಲ ಪಾಠದಲ್ಲೇ, "ಗುರುತು ಯಾವತ್ತೂ ಮೇಯದ ವಸ್ತುವಿನ ಮೇಲೆ ಇಡಬೇಕು, ನಮ್ಮನೆಯವರ ಥರ ಅಲ್ಲ," ಎಂದು ನಗಿಸಿದಳು. ಆ ಮಾತು ಅವಳ ಹೆಸರಿನ ಜೊತೆಗೇ ಓಡಾಡಿತು. ಅವನು ಹಿಂದಿನ ಬೆಂಚಿನಲ್ಲಿ ಸಂಘದ ಹಳೇ ಬೀಗಕ್ಕೆ ಎಣ್ಣೆ ಬಿಡುತ್ತ ಎಲ್ಲರ ಜೊತೆ ನಗುತ್ತಿದ್ದ. ಆ ನಗೆಯೇ ಈಗ ಅವಳನ್ನು ಸುಡುತ್ತಿತ್ತು.

*

ಕೊಲ್ಲಿ ಸೇರುವ ಹೊತ್ತಿಗೆ ಬಿಸಿಲು ಇಳಿಯತೊಡಗಿತ್ತು. ಮುಂದಿದ್ದ ಬೇಕರಿಯವರು ಕೈಬೀಸಿ ಕೂಗಿದರು, "ಒಳಗೆ ಬನ್ನಿ ಟೀಚರಮ್ಮಾ, ತೊರೆ ಬುಡಕ್ಕೆ! ಇವತ್ತು ಅವನು ಒಳಗೇ!"

ಕೊನೆಯ ದಿನಗಳಲ್ಲಿ ಆಸ್ಪತ್ರೆಯ ನರ್ಸು ಅವನನ್ನು ಕೇಳಿದ್ದಳು, ಅಷ್ಟೊಂದು ಕಡೆ ದೋಣಿ ನಿಲ್ಲಿಸಿದ್ದೀರಲ್ಲ, ಯಾವ ಜಾಗ ಇಷ್ಟ ಅಂತ. "ತೊರೆ ಕೊಲ್ಲಿ ಒಳಗೆ," ಅಂದಿದ್ದ. "ಅಲ್ಲಿ ನೆಮ್ಮದಿಯಾಗಿ ಮಲಗಿಲ್ಲ ನೋಡಿ, ಅದಕ್ಕೆ." ಮಂಚದ ಪಕ್ಕದಲ್ಲಿ ಕೂತಿದ್ದ ಅವಳು ಹೊದಿಕೆಯ ಮಡಿಕೆ ಸರಿಪಡಿಸಿದ್ದಳು.

ಹಸುವಿನ ಆ ಸಲದ ನಂತರ ಪ್ರತಿ ವರ್ಷ ಅವರ ದೋಣಿ ಕೊಲ್ಲಿಯ ಬಾಯಲ್ಲಿ. ಸಂಜೆಯಾಯಿತೆಂದರೆ ಒಳಗಿನಿಂದ ಪುಟ್ಟ ದೋಣಿ ಬರುತ್ತಿತ್ತು, ಟೀಚರಮ್ಮನನ್ನು ಊಟಕ್ಕೆ ಕರೆದೊಯ್ಯಲು. "ನೀವೂ ಬನ್ರಿ," ಎಂದು ಅವಳು ಮೊದಮೊದಲು ಕರೆಯುತ್ತಿದ್ದಳು. "ನೀನು ಹೋಗು. ನಾನು ಲಂಗರು ನೋಡ್ಕೋತೀನಿ," ಎನ್ನುತ್ತಿದ್ದ. ಆಮೇಲಾಮೇಲೆ ಅವಳು ಕರೆಯುವುದನ್ನು ಬಿಟ್ಟಳು, ಅವನು ಹೇಳುವುದನ್ನು ಬಿಡಲಿಲ್ಲ. ಹಸು ಕ್ಯಾಪ್ಟನ್ ಲಂಗರನ್ನು ನಂಬಲಾದೀತೇ ಎಂದು ಒಳಗೆ ಎಲ್ಲರೂ ನಗುತ್ತಿದ್ದರು. ಅವಳೂ.

ಈಗ ಎಲ್ಲ ದೋಣಿಗಳೂ ಅವಳ ದೋಣಿಯ ಸುತ್ತ ಅಂಟಿಕೊಂಡು ನಿಂತವು. ನೀರು ಅಲುಗುತ್ತಿರಲಿಲ್ಲ. ಬೇಕರಿಯವರು ಚಪ್ಪಾಳೆ ತಟ್ಟಿದರು. "ಶುರು ಮಾಡಿ ಟೀಚರಮ್ಮಾ. 'ಆವತ್ತು ಬೆಳಗಿನ ಜಾವ ನಮ್ಮನೆಯವರು...'"

"ಆವತ್ತು ಕಾವಲಿಗೆ ಕೂತಿದ್ದು ಅವರಲ್ಲ," ಎಂದಳು. "ನಾನು."

ಯಾರೋ ಕಿಸಕ್ಕೆಂದರು. "ಇವತ್ತು ಹೊಸ ಥರ ಹೇಳ್ತಿದಾರೆ."

"ಹೊಸ ಥರ ಅಲ್ಲ. ಅವರು ಮಲಗಿದ್ರು. ಹಸೂನ ಕಲ್ಲು ಅಂದ್ಕೊಂಡಿದ್ದು ನಾನು. ಲಂಗರು ಜಾರ್ತಿದೆ ಅಂತ ಕೂಗಿ ಎಬ್ಬಿಸಿದ್ದು ನಾನು. ನನ್ನ ಕ್ಲಾಸು ನಿಂತುಹೋಗುತ್ತೆ ಅಂತ ಅವರು ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಸುಮ್ಮನಿದ್ದೆ. ಬರೀ ಸುಮ್ಮನಿದ್ದಿದ್ರೂ ಆಗ್ತಿತ್ತು, ನಿಮ್ಮ ಜೊತೆ ಸೇರ್ಕೊಂಡು ನಕ್ಕೆ."

ನಗೆ ನಿಂತಿತು. ಈಗ ಬೈಯುತ್ತಾರೆ ಎಂದುಕೊಂಡು ಅವಳು ತಲೆ ತಗ್ಗಿಸಿದಳು. ಬೈಯಲಿ ಎಂದೇ ಅವಳಿಗೆ ಆಸೆಯಿತ್ತು. ತಲೆಯೆತ್ತಿ ನೋಡಿದರೆ ಎಲ್ಲರ ಮುಖವೂ ಮೆತ್ತಗಾಗಿತ್ತು. ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಸಾಕು ಟೀಚರಮ್ಮಾ," ಎಂದರು. "ಗಂಡನ ಮಾನ ಕಾಯೋಕೆ ತಪ್ಪನ್ನ ತಮ್ಮ ತಲೆ ಮೇಲೆ ಹಾಕ್ಕೊಳ್ಳೋದು ಅಂದ್ರೆ... ಇಂಥ ಹೆಂಡ್ತಿ ಸಿಗೋಕೆ ಅವನು ಪುಣ್ಯ ಮಾಡಿದ್ದ."

"ನಾನು ಹೇಳ್ತಿರೋದು ನಿಜ ಡಾಕ್ಟ್ರೇ."

"ಆಯ್ತಮ್ಮ, ಆಯ್ತು."

ಬೇಕರಿಯವರು ಅವಳ ಭುಜ ತಟ್ಟಿದರು. "ಅವನೇ ನನ್ನೆದುರಿಗೆ ಒಪ್ಕೊಂಡಿದ್ದ. ಹೋದವನ ಮಾತನ್ನ ಸುಳ್ಳು ಮಾಡಬೇಡಿ. ನಮಗೆ ಅವನ ಮೇಲೆ ಕೋಪ ಇಲ್ಲ, ಪ್ರೀತಿ. ನೀವು ಇಷ್ಟು ದೊಡ್ಡ ಮನಸ್ಸು ಮಾಡ್ಬೇಕಾಗಿಲ್ಲ."

ಬೀಗದವನು ಹಾಕಿದ ಬೀಗ ಗಟ್ಟಿಯಾಗಿತ್ತು, ಕೀಲಿಯನ್ನು ಜೊತೆಗೇ ಒಯ್ದಿದ್ದ. ನಿಜ ಹೇಳಿ ಅವಳು ಅವರ ಕಣ್ಣಲ್ಲಿ ಇನ್ನಷ್ಟು ದೊಡ್ಡವಳಾಗಿದ್ದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನೋಣವೆಂದರೆ ಕಾಲಡಿ ಭೂಮಿಯೂ ಇರಲಿಲ್ಲ. ಮಡಕೆಯ ಬಟ್ಟೆ ಬಿಚ್ಚಿ, ತೊರೆ ಬೀಳುವ ಜಾಗದ ಪಕ್ಕದಲ್ಲಿ ಬೂದಿಯನ್ನು ನೀರಿಗೆ ಬಿಟ್ಟಳು. ಅದು ಸ್ವಲ್ಪ ಹೊತ್ತು ಅಲ್ಲೇ ತೇಲಿ, ನಿಧಾನವಾಗಿ ಇಳಿಯಿತು. ಎಲ್ಲರೂ ಎದ್ದು ನಿಂತರು.

ಮಗಳು ಅಳುತ್ತಿರಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ನಿಜಾನಾ?" ಎಂದು ಮೆಲ್ಲಗೆ ಕೇಳಿದಳು.

"ನಿಜ."

"ಇವರ ಮಕ್ಕಳೆಲ್ಲ ನನ್ನನ್ನ ಕರು ಅಂತಿದ್ರು. ಹಸು ಕ್ಯಾಪ್ಟನ್ ಕರು. ಅಳ್ತಾ ಬಂದು ನಿನ್ನ ಹತ್ರಾನೇ ಹೇಳ್ತಿದ್ದೆ."

ಅವಳಿಗೆ ನೆನಪಿತ್ತು. ಆಗ ತಾನು ಹೇಳಿದ ಮಾತೂ ನೆನಪಿತ್ತು: 'ಅಪ್ಪ ಮಾಡಿದ್ದಕ್ಕೆ ಯಾರೇನು ಮಾಡಕ್ಕಾಗುತ್ತೆ, ನಕ್ಕುಬಿಡು.' ಮಗಳು ಬೇಕರಿಯವರ ಪುಟ್ಟ ದೋಣಿಗಿಳಿದು ಅವರ ಜೊತೆ ಹೋದಳು.

*

ದೋಣಿಗಳಲ್ಲಿ ಊಟದ ಸದ್ದು ಶುರುವಾದಾಗ ಟೀಚರಮ್ಮ ಮೂತಿಯ ಕಡೆ ಹೋಗಿ ಮರದ ಹಸುವನ್ನು ಬಿಚ್ಚಿ ಒಳಗಿಟ್ಟಳು. ಆಮೇಲೆ ಸರಪಳಿಗೆ ಕೈಹಾಕಿದಳು. ಅಂಗೈಯ ಚರ್ಮ ಕಿತ್ತುಬಂತು. ಲಂಗರು ಎದ್ದಿತು.

"ಟೀಚರಮ್ಮಾ! ಲಂಗರು ಜಾರ್ತಿದೆ!" ಎಂದು ಡಾಕ್ಟರು ಕೂಗಿಕೊಂಡರು.

ಅವಳು ತಿರುಗಿ ನೋಡದೆ ಇಂಜಿನ್ ಚಾಲೂ ಮಾಡಿ ಕೊಲ್ಲಿಯ ಬಾಯಿಗೆ ಹೋದಳು. ಅವನು ಪ್ರತಿ ವರ್ಷ ನಿಲ್ಲುತ್ತಿದ್ದ ಜಾಗದಲ್ಲೇ ಲಂಗರು ಇಳಿಸಿದಳು. ಅಲೆ ಬಂತು, ದೋಣಿ ಒಂದು ಮಗ್ಗುಲಿಗೆ ಹೊರಳಿ, ಇನ್ನೊಂದಕ್ಕೆ ಹೊರಳಿತು. ಕಂಬವನ್ನೂ ಬಂಡೆಯ ತುದಿಯನ್ನೂ ಸಾಲು ಹಿಡಿದು ಕೂತಳು.

ಕತ್ತಲಾಗುವ ಮುನ್ನ ಪುಟ್ಟ ದೋಣಿ ಬಂತು. ಬೇಕರಿಯವರು ಹುಟ್ಟು ಹಾಕುತ್ತಿದ್ದರು, ಎದುರಿಗೆ ಮಗಳು ಕೂತಿದ್ದಳು.

"ಏನಿದು ಟೀಚರಮ್ಮಾ, ಒಬ್ರೇ ಇಲ್ಲಿ? ಬನ್ನಿ ಊಟಕ್ಕೆ, ಎಲ್ಲರೂ ಕಾಯ್ತಿದಾರೆ."

"ನೀವು ಹೋಗಿ. ನಾನು ಲಂಗರು ನೋಡ್ಕೋತೀನಿ."

ಬೇಕರಿಯವರ ಹುಟ್ಟು ನೀರಿನಲ್ಲೇ ನಿಂತಿತು. ಮಗಳು ಎದ್ದು ದೋಣಿಯ ಅಂಚು ಹಿಡಿದು ಹತ್ತಿಕೊಂಡಳು. "ನೀವು ಹೋಗಿ ಅಂಕಲ್," ಎಂದಳು.

ಒಳಗೆ ಒಲೆ ಹಚ್ಚಿ ಮಗಳೇ ಟೀ ಮಾಡಿದಳು. ಅಮ್ಮನ ಮುಂದೆ ಲೋಟ ಇಟ್ಟಳು. ದೋಣಿ ಹೊರಳಿತು, ಲೋಟ ಮೇಜಿನ ಮೇಲೆ ಜಾರಿ ಅಂಚಿಗೆ ಬಂತು. ಟೀಚರಮ್ಮ ಕೈಯಲ್ಲಿ ತಡೆದಳು. ಮತ್ತೆ ಇಟ್ಟಳು, ಮತ್ತೆ ಜಾರಿತು.

"ಅಲ್ಲಿಡು. ಅಪ್ಪ ಅಲ್ಲಿಡ್ತಿದ್ರು."

ಮಗಳು ತೋರಿಸಿದ ಕಡೆ, ಮೇಜಿನ ಮೂಲೆಯಲ್ಲಿ, ಲೋಟದ ತಳದ ಅಳತೆಗೆ ಸರಿಯಾಗಿ ಮರ ಕೊರೆದು ಒಂದು ಗುಂಡನೆಯ ಗುಳಿ ಮಾಡಿತ್ತು. ಅಂಚು ಉಜ್ಜಿ ಉಜ್ಜಿ ನುಣುಪಾಗಿತ್ತು. ಇಷ್ಟು ವರ್ಷ ಟೀಚರಮ್ಮ ಈ ಮೇಜು ಒರೆಸಿದ್ದಾಳೆ, ಅದು ಯಾತಕ್ಕೆಂದು ಒಮ್ಮೆಯೂ ಕೇಳಿರಲಿಲ್ಲ.

"ಒಂದೇ ಇದೆಯಲ್ಲ," ಎಂದಳು.

"ನೀನು ಊಟಕ್ಕೆ ಹೋದಮೇಲೆ ಒಂದೇ ಸಾಕಾಗ್ತಿತ್ತು," ಎಂದಳು ಮಗಳು, ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

ಟೀಚರಮ್ಮ ಲೋಟವನ್ನು ಆ ಗುಳಿಯಲ್ಲಿಟ್ಟು ಕೈ ತೆಗೆದಳು. ಅಲೆ ಬಂದು ದೋಣಿ ಹೊರಳಿತು. ಲೋಟ ಜಾರಲಿಲ್ಲ.